ದೊಡ್ಡ ತಂತ್ರಜ್ಞಾನ ಕಂಪನಿಯ ದಿಕ್ಕು ಮತ್ತು ಕಾಲುವೆಯ ಕೊನೆಭಾಗ

ಪ್ರಶ್ನೆ: ನಾನು ಮಾನ್ವಿ ತಾಲ್ಲೂಕಿನವನು. ಹದಿನಾಲ್ಕು ವರ್ಷಗಳಿಂದ ಬೆಂಗಳೂರಿನ ದೊಡ್ಡ ತಂತ್ರಜ್ಞಾನ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಹಳೆಯ ಉತ್ಪನ್ನಗಳಿಂದ ಲಾಭ ಇನ್ನೂ ಬರುತ್ತಿದೆಯಾದರೂ ಬೆಳವಣಿಗೆ ನಿಂತುಹೋಗಿದೆ. ಹೊಸದಾಗಿ ಬಂದ ಮುಖ್ಯಸ್ಥರು ಮುಂದಿನ ಐದು ವರ್ಷಗಳ ಕಾರ್ಯತಂತ್ರದ ದಿಕ್ಕನ್ನು ಬರೆಯುವ ತಂಡಕ್ಕೆ ನನ್ನನ್ನೂ ಸೇರಿಸಿದ್ದಾರೆ. ಪ್ರತಿಯೊಂದು ವಿಭಾಗವೂ ತನ್ನ ಹೆಸರು ಅದರಲ್ಲಿ ಇರಲೇಬೇಕೆಂದು ಹಟ ಹಿಡಿದಿದ್ದು, ಕರಡು ಈಗಾಗಲೇ ನೂರು ಪುಟ ದಾಟಿದೆ. ಇಂತಹ ದಾಖಲೆಯಲ್ಲಿ ನಿಜಕ್ಕೂ ಏನಿರಬೇಕು? ನನ್ನಂತಹ ಮಧ್ಯಮ ಹಂತದವನ ಮಾತಿಗೆ ಅಲ್ಲಿ ಬೆಲೆ ಇದೆಯೇ?

ಉತ್ತರ: ನೀವು ಮಾನ್ವಿಯ ಕಡೆಯವರೆಂದು ತಿಳಿಸಿದ್ದರಿಂದ, ರಾಯಚೂರಿನಲ್ಲಿ ಕುಳಿತು ಉತ್ತರ ಬರೆಯುತ್ತಿರುವ ನನ್ನ ಕೆಲಸ ಅರ್ಧ ಹಗುರವಾಯಿತು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿ ಬೆಳೆದವರಿಗೆ ಠರಾವಿಗೂ ನೀರಿಗೂ ಇರುವ ಅಂತರವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಪ್ರತಿ ಹಂಗಾಮಿಗೂ ನೀರಾವರಿ ಸಲಹಾ ಸಮಿತಿಯ ಸಭೆ ಸೇರುತ್ತದೆ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಎಷ್ಟು ಕ್ಯುಸೆಕ್ ಬಿಡಬೇಕೆಂಬ ತೀರ್ಮಾನವಾಗುತ್ತದೆ, ಮರುದಿನ ಅದು ಪತ್ರಿಕೆಯಲ್ಲಿ ಬರುತ್ತದೆ. ಕೊನೆಭಾಗದ ರೈತ ಪತ್ರಿಕೆಯನ್ನು ಓದಿ ಬಿತ್ತನೆ ಮಾಡುವುದಿಲ್ಲ. ಕಾಲುವೆಯ ಗೇಜ್ ಎಷ್ಟು ತೋರಿಸುತ್ತಿದೆ ಎಂಬುದನ್ನು ನೋಡಿ ಮಾಡುತ್ತಾನೆ. ಯೋಜನೆ ರೂಪುಗೊಂಡಾಗ ಈ ಅಚ್ಚುಕಟ್ಟಿನ ಬಹುಭಾಗವನ್ನು ಜೋಳ, ಹತ್ತಿ, ಶೇಂಗಾದಂತಹ ಅರೆ ಖುಷ್ಕಿ ಬೆಳೆಗಳಿಗೆಂದು ಲೆಕ್ಕ ಹಾಕಲಾಗಿತ್ತು. ಆದರೆ ಮೇಲ್ಭಾಗದಲ್ಲಿ ಭತ್ತ ಹಬ್ಬಿತು, ಗಂಗಾವತಿ ಮತ್ತು ಸಿಂಧನೂರಿನಲ್ಲಿ ಅಕ್ಕಿ ಗಿರಣಿಗಳು ಎದ್ದವು, ಸಾವಿರಾರು ಕುಟುಂಬಗಳ ಬದುಕು ಅದಕ್ಕೆ ಹೊಂದಿಕೊಂಡಿತು. ಅವರನ್ನು ಖಳರೆಂದು ಕರೆಯುವುದು ಅನ್ಯಾಯ, ಏಕೆಂದರೆ ಕೈಗೆ ಹಣ ಕೊಡುವ ಬೆಳೆಯನ್ನು ಅವರು ಬೆಳೆದರು, ಅಷ್ಟೆ. ಆದರೂ ಅದರ ಪರಿಣಾಮವಾಗಿ ಸಿರವಾರ, ಮಾನ್ವಿ, ರಾಯಚೂರಿನ ಹೊಲಗಳಿಗೆ ನೀರು ತಲುಪುವುದೇ ಕಷ್ಟವಾಯಿತು. ಕೊನೆಭಾಗಕ್ಕೆ ನೀರು ಕೊಡಬಾರದೆಂದು ಯಾವ ಸಭೆಯೂ ಠರಾವು ಮಾಡಿರಲಿಲ್ಲ ಎಂಬುದನ್ನು ಗಮನಿಸಬೇಕು.

ನಿಮ್ಮ ಕಂಪನಿಯ ಸ್ಥಿತಿಯೂ ಬಹುತೇಕ ಹೀಗೆಯೇ ಇರುತ್ತದೆ. ಲಾಭ ತರುವ ಹಳೆಯ ಉತ್ಪನ್ನಗಳ ವಿಭಾಗಗಳು ಕಾಲುವೆಯ ತಲೆಯಲ್ಲಿ ಕುಳಿತಿರುತ್ತವೆ. ಭವಿಷ್ಯವೆಂದು ಎಲ್ಲರೂ ಭಾಷಣದಲ್ಲಿ ಹೊಗಳುವ ಹೊಸ ಕೆಲಸ ಕೊನೆಭಾಗದಲ್ಲಿರುತ್ತದೆ. ಆದ್ದರಿಂದ ಕರಡಿನ ನೂರು ಪುಟಗಳನ್ನು ತಿದ್ದುವುದಕ್ಕೆ ಮೊದಲು ಗೇಜ್ ನೋಡಿ ಎಂಬುದೇ ನನ್ನ ಸಲಹೆ. ಕಳೆದ ಮೂರು ವರ್ಷಗಳಲ್ಲಿ ಬಂಡವಾಳ ಮತ್ತು ಸಂಶೋಧನೆಯ ಹಣ ಯಾವ ವಿಭಾಗಕ್ಕೆ ಎಷ್ಟು ಹೋಯಿತು, ನಿಮ್ಮಲ್ಲಿರುವ ಅತ್ಯುತ್ತಮ ನೂರು ಎಂಜಿನಿಯರುಗಳು ಇಂದು ಯಾವ ಯಾವ ಕೆಲಸದಲ್ಲಿದ್ದಾರೆ, ಮುಖ್ಯಸ್ಥರ ದಿನಚರಿಯಲ್ಲಿ ಯಾವ ವಿಷಯಕ್ಕೆ ಎಷ್ಟು ಗಂಟೆ ಮೀಸಲಾಗಿತ್ತು ಎಂಬ ಲೆಕ್ಕಗಳು ನಿಮ್ಮ ಕೈಗೆ ಬರಬೇಕು. ಕೊನೆಯದನ್ನು ಪಡೆಯುವುದು ಕಷ್ಟ, ಕೇಳಿದರೆ ಆಪ್ತ ಕಾರ್ಯದರ್ಶಿಯ ಮುಖ ಗಂಟಿಕ್ಕುತ್ತದೆ. ಆದರೆ ಅತ್ಯಂತ ಸತ್ಯ ಹೇಳುವ ಲೆಕ್ಕ ಅದೇ. ಈ ಲೆಕ್ಕಗಳಲ್ಲಿ ಕಾಣುವುದೇ ನಿಮ್ಮ ಕಂಪನಿಯ ಈಗಿನ ದಿಕ್ಕು. ಹೊಸ ದಿಕ್ಕೆಂದರೆ ಈ ಅಂಕಿಗಳು ಬದಲಾಗುವುದು. ಅಂಕಿ ಬದಲಾಗದೆ ಪದಗಳು ಮಾತ್ರ ಬದಲಾದರೆ, ಹೊಸ ಮುಖ್ಯಸ್ಥರು ಬಂದ ನೆನಪಿಗೆ ಒಂದು ಪುಸ್ತಿಕೆ ಅಚ್ಚಾಯಿತು ಎಂದಷ್ಟೇ ಹೇಳಬಹುದು.

ನಾನೂ ಒಮ್ಮೆ ಇಂತಹ ಪುಸ್ತಿಕೆಯೊಂದನ್ನು ಬರೆದ ತಂಡದಲ್ಲಿದ್ದೆ. ಕಂಪನಿಯ ಹೆಸರು ಇಲ್ಲಿ ಬೇಡ. ಏಳು ತಿಂಗಳು ದುಡಿದೆವು, ಸಲಹಾ ಸಂಸ್ಥೆಯೊಂದಕ್ಕೆ ಸಾಕಷ್ಟು ಹಣ ಸಂದಾಯವಾಯಿತು, ಎಲ್ಲ ವಿಭಾಗಗಳ ಒಪ್ಪಿಗೆಯೂ ಸಿಕ್ಕಿತು. ಎಲ್ಲರೂ ಒಪ್ಪಿದ್ದು ನಮ್ಮ ಯಶಸ್ಸೆಂದು ಆಗ ಹಿಗ್ಗಿದೆವು. ಮರುವರ್ಷದ ಬಜೆಟ್ಟಿನಲ್ಲಿ ಪ್ರತಿ ವಿಭಾಗದ ಪಾಲು ಹಿಂದಿನ ವರ್ಷದಷ್ಟೇ ಇದ್ದುದನ್ನು ಕಂಡಾಗ, ಯಾರ ಪಾಲೂ ಕಡಿಮೆಯಾಗದಂತೆ ಬರೆದಿದ್ದರಿಂದಲೇ ಎಲ್ಲರೂ ಸಹಿ ಹಾಕಿದ್ದರು ಎಂಬುದು ಅರ್ಥವಾಯಿತು.

ಇಂಟೆಲ್ ಕಂಪನಿಯ ಕಥೆ ಈ ವಿಷಯದಲ್ಲಿ ಎರಡು ಸಲ ಪಾಠ ಹೇಳುತ್ತದೆ; ಮೊದಲನೆಯದನ್ನು ಎಲ್ಲರೂ ಹೇಳುತ್ತಾರೆ, ಎರಡನೆಯದನ್ನು ಅದರ ಜೊತೆಗೆ ಜೋಡಿಸುವವರು ಕಡಿಮೆ. 1968ರಲ್ಲಿ ಆರಂಭವಾದ ಆ ಕಂಪನಿ ಮೆಮೊರಿ ಚಿಪ್‌ಗಳಿಂದಲೇ ಹೆಸರು ಮಾಡಿತ್ತು. 1980ರ ದಶಕದಲ್ಲಿ ಜಪಾನಿನ ತಯಾರಕರು ಗುಣಮಟ್ಟದಲ್ಲೂ ಬೆಲೆಯಲ್ಲೂ ಅದನ್ನು ಹಿಂದಿಕ್ಕಿದರು. 1985ರಲ್ಲಿ ಕಂಪನಿಯನ್ನು ನಡೆಸುತ್ತಿದ್ದ ಇಬ್ಬರಲ್ಲಿ ಒಬ್ಬರಾದ ಆ್ಯಂಡಿ ಗ್ರೋವ್ ತಮ್ಮ ಹಿರಿಯ ಸಹೋದ್ಯೋಗಿ ಗಾರ್ಡನ್ ಮೂರ್ ಅವರನ್ನು, ನಮ್ಮಿಬ್ಬರನ್ನೂ ಕಿತ್ತುಹಾಕಿ ಮಂಡಳಿಯವರು ಹೊಸಬನೊಬ್ಬನನ್ನು ತಂದು ಕೂರಿಸಿದರೆ ಅವನು ಏನು ಮಾಡಿಯಾನು ಎಂದು ಕೇಳಿದರು. ಮೆಮೊರಿಯಿಂದ ಹೊರಬರುತ್ತಾನೆ ಎಂದು ಮೂರ್ ಉತ್ತರಿಸಿದರು. ಹಾಗಾದರೆ ನಾವೇ ಆ ಕೆಲಸವನ್ನು ಏಕೆ ಮಾಡಬಾರದು ಎಂದು ಗ್ರೋವ್ ಕೇಳಿದರು. ಇಷ್ಟು ಕಥೆ ಪ್ರಸಿದ್ಧ. ಆದರೆ ಆ ಸಂಭಾಷಣೆ ನಡೆಯುವ ಹೊತ್ತಿಗೆ ಕಾಲುವೆ ತನ್ನಷ್ಟಕ್ಕೆ ತಾನೇ ತಿರುಗಿಬಿಟ್ಟಿತ್ತು. ಒಂದು ವೇಫರಿನಿಂದ, ಅಂದರೆ ಚಿಪ್‌ಗಳನ್ನು ಮೂಡಿಸುವ ಸಿಲಿಕಾನ್ ಬಿಲ್ಲೆಯಿಂದ, ಯಾವ ಚಿಪ್ ಹೆಚ್ಚು ಲಾಭ ತರುತ್ತದೋ ಅದಕ್ಕೇ ಕಾರ್ಖಾನೆಯ ಸಾಮರ್ಥ್ಯವನ್ನು ಕೊಡಬೇಕೆಂಬ ನಿಯಮ ಅಲ್ಲಿತ್ತು. ಆ ನಿಯಮವನ್ನು ಪಾಲಿಸುತ್ತಿದ್ದ ಮಧ್ಯಮ ಹಂತದ ವ್ಯವಸ್ಥಾಪಕರು, ಮೇಲಿನವರು ಇನ್ನೂ ತಮ್ಮನ್ನು ಮೆಮೊರಿ ಕಂಪನಿಯೆಂದೇ ಭಾವಿಸಿಕೊಂಡಿದ್ದಾಗ, ತಿಂಗಳು ತಿಂಗಳೂ ಸ್ವಲ್ಪ ಸ್ವಲ್ಪವಾಗಿ ಸಾಮರ್ಥ್ಯವನ್ನು ಕಂಪ್ಯೂಟರಿನ ಮಿದುಳಿನಂತಹ ಚಿಪ್ ಆದ ಮೈಕ್ರೊಪ್ರೊಸೆಸರಿನ ಕಡೆಗೆ ಸರಿಸಿದ್ದರು. ಸಂಶೋಧನೆಯ ಹಣ ಮಾತ್ರ ಹಳೆಯ ಮಮತೆಯಿಂದ ಮೆಮೊರಿಗೇ ಹರಿಯುತ್ತಿತ್ತು. ಗ್ರೋವ್ ಮತ್ತು ಮೂರ್ ಮಾಡಿದ್ದು ಆ ವಿರೋಧಾಭಾಸವನ್ನು ಕೊನೆಗಾಣಿಸಿದ್ದು. ಅದು ಸಣ್ಣ ಕೆಲಸವೇನೂ ಆಗಿರಲಿಲ್ಲ.

ಎರಡನೆಯ ಪಾಠ ಎರಡು ದಶಕಗಳ ನಂತರದ್ದು. ಲಾಭದ ಪ್ರಮಾಣ ಹೆಚ್ಚಿರುವ ಕಡೆಗೆ ನೀರು ಹರಿಸಬೇಕೆಂಬ ಅದೇ ಸ್ವಭಾವ, ಆ್ಯಪಲ್ ತನ್ನ ಮೊದಲ ಐಫೋನಿಗೆ ಚಿಪ್ ಬೇಕೆಂದು ಕೇಳಿದಾಗ, ಇಂಟೆಲ್ಲನ್ನು ಹಿಂದಕ್ಕೆ ಎಳೆಯಿತು. ಅವರು ಕೊಡಲು ಸಿದ್ಧರಿದ್ದ ಬೆಲೆ ತಾವು ಅಂದಾಜು ಮಾಡಿದ್ದ ತಯಾರಿಕೆಯ ವೆಚ್ಚಕ್ಕಿಂತ ಕಡಿಮೆ ಎಂಬ ಕಾರಣಕ್ಕೆ ನಿರಾಕರಿಸಿದೆವು, ಆ ಅಂದಾಜು ತಪ್ಪಾಗಿತ್ತು ಎಂದು ಆಗಿನ ಮುಖ್ಯಸ್ಥ ಪಾಲ್ ಒಟೆಲಿನಿ 2013ರಲ್ಲಿ ಒಪ್ಪಿಕೊಂಡರು. ಮೊಬೈಲ್ ಸಾಧನಗಳಿಗೆ ಒಗ್ಗುತ್ತಿದ್ದ ಎಕ್ಸ್‌ಸ್ಕೇಲ್ ಚಿಪ್ ವ್ಯವಹಾರವನ್ನು 2006ರಲ್ಲೇ 60 ಕೋಟಿ ಡಾಲರಿಗೆ ಮಾರ್ವೆಲ್ ಕಂಪನಿಗೆ ಮಾರಿಯೂ ಆಗಿತ್ತು. ತಯಾರಿಕಾ ತಂತ್ರಜ್ಞಾನದಲ್ಲಿ ವರ್ಷಗಟ್ಟಲೆ ಆದ ವಿಳಂಬ, ಕೃತಕ ಬುದ್ಧಿಮತ್ತೆಯ ಚಿಪ್‌ಗಳಲ್ಲಿ ಹಿಂದುಳಿದದ್ದು, ಇವೆಲ್ಲ ಸೇರಿ 2024ರಲ್ಲಿ ಕಂಪನಿ ಸುಮಾರು 1,880 ಕೋಟಿ ಡಾಲರ್ ನಷ್ಟ ತೋರಿಸಿತು. 2025ರ ಆಗಸ್ಟ್‌ನಲ್ಲಿ ಅಮೆರಿಕದ ಸರ್ಕಾರವೇ ಶೇ 10ರ ಹತ್ತಿರದ ಪಾಲು ಪಡೆಯುವಲ್ಲಿಗೆ ಬಂದು ನಿಂತಿತು. ಒಂದು ಫೋನ್ ಚಿಪ್ ಬಿಟ್ಟಿದ್ದರಿಂದಲೇ ಇಷ್ಟೆಲ್ಲ ಆಯಿತೆಂದು ನಾನು ಹೇಳುವುದಿಲ್ಲ. ಹಂಚಿಕೆಯ ನಿಯಮ ಒಂದು ಕಾಲದಲ್ಲಿ ಕಂಪನಿಯನ್ನು ಉಳಿಸಿದ್ದರೂ ಇನ್ನೊಂದು ಕಾಲದಲ್ಲಿ ಅದೇ ನಿಯಮ ಹೊಸ ಮೊಳಕೆಗೆ ನೀರು ಸಿಗದಂತೆ ಮಾಡಬಲ್ಲದು. ನಿಮ್ಮ ಕಂಪನಿಯಲ್ಲಿ ಹಣ ಮಂಜೂರು ಮಾಡುವ ನಿಯಮ ಯಾವುದು, ಅದು ಬರೆದದ್ದೋ ಬರೆಯದೆ ನಡೆಯುತ್ತಿರುವುದೋ ಎಂಬುದನ್ನು ನಿಮ್ಮ ದಾಖಲೆಯ ಮೊದಲ ಪುಟದಲ್ಲೇ ಹೇಳಿಬಿಡಿ. ಎರಡೇ ವರ್ಷಗಳಲ್ಲಿ ಶೇ 30ರ ಲಾಭ ಬರಬೇಕೆಂಬ ಅಲಿಖಿತ ನಿಯಮವಿದ್ದರೆ, ಹೊಸ ಕೆಲಸದ ಬಗ್ಗೆ ಎಷ್ಟು ಪುಟ ಬರೆದರೂ ಅದು ಮೊದಲ ಬಜೆಟ್ ಸಭೆಯಲ್ಲೇ ಬಿದ್ದುಹೋಗುತ್ತದೆ.

ಹೊಸ ತಂತ್ರಜ್ಞಾನ ಗೊತ್ತಿಲ್ಲದ್ದರಿಂದ ದೊಡ್ಡ ಕಂಪನಿಗಳು ಸೋಲುತ್ತವೆ ಎಂಬ ಮಾತನ್ನು ನಾನು ನಂಬುವುದಿಲ್ಲ. ಡಿಜಿಟಲ್ ಕ್ಯಾಮೆರಾವನ್ನು 1975ರಲ್ಲೇ ತನ್ನ ಪ್ರಯೋಗಾಲಯದಲ್ಲಿ ಮಾಡಿ ನೋಡಿದ್ದ ಕೊಡಾಕ್ 2012ರಲ್ಲಿ ದಿವಾಳಿ ಅರ್ಜಿ ಹಾಕಿತು. ನಮ್ಮ ಎಚ್‌ಎಂಟಿಯನ್ನೇ ನೋಡಿ. ಕ್ವಾರ್ಟ್ಜ್ ಗಡಿಯಾರ ಮಾಡುವುದು ಅದಕ್ಕೆ ಗೊತ್ತಿತ್ತು, ಮಾಡಿ ಮಾರುಕಟ್ಟೆಗೂ ತಂದಿತ್ತು. ಆದರೆ ಕೀಲಿ ಕೊಡುವ ಗಡಿಯಾರಗಳಿಗಾಗಿ ಕಟ್ಟಿದ ಕಾರ್ಖಾನೆಗಳು, ಯಂತ್ರಗಳು, ನುರಿತ ಕೈಗಳು ಎಲ್ಲವೂ ಹಳೆಯ ಕಡೆಯೇ ಉಳಿದವು. 1984ರಲ್ಲಿ ಸ್ಥಾಪನೆಯಾದ ಟೈಟಾನ್‌ಗೆ ಅಂತಹ ಹಳೆಯ ಹೊರೆಯೇ ಇರಲಿಲ್ಲ, ಅದು ಕ್ವಾರ್ಟ್ಜ್ ಮೇಲೆಯೇ ಪಣ ಕಟ್ಟಿತು. ಎಚ್‌ಎಂಟಿ ವಾಚಸ್ ಮುಚ್ಚುವ ನಿರ್ಧಾರವನ್ನು ಕೇಂದ್ರ ಸಚಿವ ಸಂಪುಟ ಕೈಗೊಂಡದ್ದು 2016ರಲ್ಲಿ.

ಇದಕ್ಕೆ ಎದುರಾಗಿ, ಹರಿವನ್ನು ಬದಲಿಸಿ ಗೆದ್ದ ಉದಾಹರಣೆ ಮೈಕ್ರೊಸಾಫ್ಟ್‌ನದು. ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದ ಸತ್ಯ ನಾದೆಲ್ಲಾ 2014ರ ಫೆಬ್ರುವರಿಯಲ್ಲಿ ಅದರ ಮುಖ್ಯಸ್ಥರಾದಾಗ ಕಂಪನಿ ನಷ್ಟದಲ್ಲಿರಲಿಲ್ಲ. ನಿಮ್ಮ ಕಂಪನಿಯಂತೆಯೇ ಹಳೆಯ ಉತ್ಪನ್ನಗಳಿಂದ ಧಾರಾಳವಾಗಿ ಗಳಿಸುತ್ತ, ಮುಂದಿನ ದಾರಿ ಕಾಣದೆ ನಿಂತಿತ್ತು. ಕ್ಲೌಡ್ ಸೇವೆ ಅಜೂರ್ ಅವರ ಆವಿಷ್ಕಾರವಾಗಿರಲಿಲ್ಲ, ಅದು 2010ರಲ್ಲೇ ಗ್ರಾಹಕರಿಗೆ ತೆರೆದುಕೊಂಡಿತ್ತು. ಮೊಳಕೆ ಆಗಲೇ ಇತ್ತು, ನೀರು ಸಾಲದಾಗಿತ್ತು. ಅವರು ಬಂದ ಎರಡೇ ತಿಂಗಳೊಳಗೆ ಪ್ರತಿಸ್ಪರ್ಧಿ ಆ್ಯಪಲ್‌ನ ಐಪ್ಯಾಡ್‌ಗಾಗಿ ಆಫೀಸ್ ತಂತ್ರಾಂಶ ಬಿಡುಗಡೆಯಾಯಿತು. ಅದರ ತಯಾರಿ ಮೊದಲೇ ನಡೆದಿದ್ದರೂ, ವಿಂಡೋಸ್ ಹಿತಕ್ಕಾಗಿ ಉಳಿದವರು ಕಾಯಬೇಕಾಗಿಲ್ಲ ಎಂಬ ಸಂದೇಶ ಆ ಒಂದು ಬಿಡುಗಡೆಯಿಂದ ಎಲ್ಲರಿಗೂ ಮುಟ್ಟಿತು. ಮರುವರ್ಷ ನೋಕಿಯಾದಿಂದ ಕೊಂಡಿದ್ದ ಫೋನ್ ವ್ಯವಹಾರದ ಲೆಕ್ಕದಲ್ಲಿ 760 ಕೋಟಿ ಡಾಲರನ್ನು ಅಳಿಸಿಹಾಕಿ, 7,800 ಹುದ್ದೆಗಳನ್ನು ಕಡಿತಗೊಳಿಸಿದರು. ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ದಿಟ್ಟ ಹೆಜ್ಜೆ 2018ರ ಮಾರ್ಚಿನದು: ವಿಂಡೋಸ್ ತನ್ನದೇ ಪ್ರತ್ಯೇಕ ವಿಭಾಗವಾಗಿ ಇರುವ ವ್ಯವಸ್ಥೆಯನ್ನೇ ಮುರಿದು, ಅದರ ಎಂಜಿನಿಯರುಗಳನ್ನು ಕ್ಲೌಡ್ ಮತ್ತು ಆಫೀಸ್ ಕಡೆಯ ಗುಂಪುಗಳಿಗೆ ಹಂಚಿದರು. ಕಾಲುವೆಯ ತಲೆಯಲ್ಲಿ ಕುಳಿತ ವಿಭಾಗದ ತೂಬಿಗೆ ಕೈಹಾಕುವುದೆಂದರೆ ಇದು. ಅದನ್ನು ಮೊದಲ ವರ್ಷವೇ ಮಾಡದೆ ನಾಲ್ಕು ವರ್ಷ ಕಾದರು ಎಂಬುದನ್ನೂ ನೋಡಬೇಕು. ಹೊಸ ಬೆಳೆ ಕೈಗೆ ಬರುವ ಮೊದಲೇ ಹಳೆಯದಕ್ಕೆ ನೀರು ನಿಲ್ಲಿಸಿದರೆ ಎರಡೂ ಒಣಗುತ್ತವೆ.

ಈ ಔಷಧಿ ಎಲ್ಲ ಕಾಯಿಲೆಗೂ ಅಲ್ಲ. 1993ರ ಏಪ್ರಿಲ್‌ನಲ್ಲಿ ಲೂ ಗರ್ಸ್ಟ್ನರ್ ಕಂಪ್ಯೂಟರ್ ಕಂಪನಿ ಐಬಿಎಂ ಅನ್ನು ಮುಖ್ಯಸ್ಥರಾಗಿ ಸೇರಿದಾಗ ಮನೆಗೆ ಬೆಂಕಿ ಬಿದ್ದಿತ್ತು. ಆ ವರ್ಷದ ನಷ್ಟ ಸುಮಾರು 810 ಕೋಟಿ ಡಾಲರ್. ಅವರು ಬಂದದ್ದು ಬಿಸ್ಕತ್ತು ಮತ್ತು ಸಿಗರೇಟು ಮಾರುವ ಕಂಪನಿಯಿಂದ. ಐಬಿಎಂ ಅನ್ನು ಹಲವು ಸಣ್ಣ ಕಂಪನಿಗಳಾಗಿ ಒಡೆಯುವ ಯೋಜನೆ ಸಿದ್ಧವಾಗಿ ಮೇಜಿನ ಮೇಲಿತ್ತು, ಪತ್ರಿಕೆಗಳೂ ಷೇರುಪೇಟೆಯೂ ಅದನ್ನೇ ನಿರೀಕ್ಷಿಸುತ್ತಿದ್ದವು. ಗರ್ಸ್ಟ್ನರ್ ಮೊದಲು ಮಾಡಿದ್ದು, ಐವತ್ತು ಮಂದಿ ಹಿರಿಯ ಅಧಿಕಾರಿಗಳಲ್ಲಿ ಪ್ರತಿಯೊಬ್ಬರೂ ಮೂರು ತಿಂಗಳೊಳಗೆ ಕನಿಷ್ಠ ಐವರು ದೊಡ್ಡ ಗ್ರಾಹಕರ ಬಳಿಗೆ ಖುದ್ದಾಗಿ ಹೋಗಿ ಅವರ ದೂರು ಕೇಳಿ ಬರಬೇಕೆಂದು ಕಟ್ಟಪ್ಪಣೆ ಮಾಡಿದ್ದು. ಬಿಡಿಬಿಡಿಯಾಗಿ ಕೊಂಡ ಯಂತ್ರಗಳನ್ನು ಒಟ್ಟಿಗೆ ಕೆಲಸ ಮಾಡುವಂತೆ ಜೋಡಿಸಿಕೊಡುವವರು ಗ್ರಾಹಕರಿಗೆ ಬೇಕಾಗಿದ್ದರು. ಕಂಪನಿಯನ್ನು ಒಡೆದರೆ ಆ ಶಕ್ತಿಯೇ ಹೋಗುತ್ತಿತ್ತು. ಆದ್ದರಿಂದ ಒಡೆಯದಿರುವ ನಿರ್ಧಾರವಾಯಿತು, ದೊಡ್ಡ ಸಂಸ್ಥೆಗಳು ಬಳಸುವ ಭಾರಿ ಕಂಪ್ಯೂಟರಾದ ಮೇನ್‌ಫ್ರೇಮ್ ಬೆಲೆಗಳನ್ನು ಇಳಿಸಲಾಯಿತು, ಮೇನ್‌ಫ್ರೇಮನ್ನು ಅಗ್ಗದ ಸಿಮಾಸ್ ಚಿಪ್ ತಂತ್ರಜ್ಞಾನಕ್ಕೆ ಬದಲಿಸುವ ಕೆಲಸಕ್ಕೆ ಹಣ ಸಿಕ್ಕಿತು, ಸೇವಾ ವ್ಯವಹಾರ ಮುಂದಿನ ವರ್ಷಗಳಲ್ಲಿ ಕಂಪನಿಯ ದೊಡ್ಡ ಆಧಾರವಾಯಿತು. ಆ ವರ್ಷ ಅವರು ಐಬಿಎಂಗೆ ಸದ್ಯಕ್ಕೆ ಬೇಡದ ವಸ್ತುವೆಂದರೆ ದೂರದೃಷ್ಟಿಯ ಘೋಷಣೆ ಎಂಬರ್ಥದ ಮಾತು ಹೇಳಿದ್ದನ್ನು ಈಗಲೂ ಉದ್ಧರಿಸಿ, ದಿಕ್ಕೇ ಬೇಡ, ಕೆಲಸ ಮಾಡಿದರೆ ಸಾಕು ಎನ್ನುವವರಿದ್ದಾರೆ. ಒಡೆಯುವುದಿಲ್ಲ ಎಂಬ ತೀರ್ಮಾನಕ್ಕಿಂತ ದೊಡ್ಡ ದಿಕ್ಕು ಇನ್ನಾವುದಿತ್ತು ಎಂದು ಅವರನ್ನು ಕೇಳಬೇಕೆನಿಸುತ್ತದೆ. 1997ರಲ್ಲಿ ನೂರು ಕೋಟಿ ಡಾಲರಿಗೂ ಮಿಕ್ಕಿ ನಷ್ಟ ಮಾಡಿದ ಆ್ಯಪಲ್‌ನ ಕಾಯಿಲೆ ಮತ್ತೊಂದು ಬಗೆಯದು: ಅಲ್ಲಿ ಉತ್ಪನ್ನಗಳು ವಿಪರೀತವಾಗಿದ್ದವು. ಮರಳಿ ಬಂದ ಸ್ಟೀವ್ ಜಾಬ್ಸ್ ಅವುಗಳಲ್ಲಿ ಬಹುಪಾಲನ್ನು ನಿಲ್ಲಿಸಿ, ಸಾಮಾನ್ಯರಿಗೊಂದು ವೃತ್ತಿಪರರಿಗೊಂದು, ಮೇಜಿನ ಮೇಲಿಡುವುದೊಂದು ಒಯ್ಯುವುದೊಂದು ಎಂದು ನಾಲ್ಕು ಮನೆಗಳಿಗೆ ಇಳಿಸಿದರು.

ನೀವು ಬರೆದಿರುವುದನ್ನು ನೋಡಿದರೆ ನಿಮ್ಮಲ್ಲಿ ಐಬಿಎಂನ ಬೆಂಕಿಯೂ ಇಲ್ಲ, ಆ್ಯಪಲ್‌ನ ಗೊಂದಲವೂ ಅಷ್ಟಿಲ್ಲ. 2014ರ ಮೈಕ್ರೊಸಾಫ್ಟ್‌ನ ಸ್ಥಿತಿಗೆ ಹತ್ತಿರವಾಗಿದ್ದೀರಿ. ಇದು ಅಪಾಯಕಾರಿ ಸ್ಥಿತಿ, ಏಕೆಂದರೆ ಪ್ರತಿ ತಿಂಗಳೂ ಸಂಬಳ ಬರುತ್ತಿರುವಾಗ ಯಾರಿಗೂ ಅವಸರ ಇರುವುದಿಲ್ಲ.

ಹಂಚಿಕೆಯನ್ನು ಬದಲಿಸುವಾಗ ಒಂದು ವಿಷಯದಲ್ಲಿ ಎಚ್ಚರ ಬೇಕು, ಅದಕ್ಕೂ ಉದಾಹರಣೆ ನಮ್ಮ ಜಲಾಶಯದಲ್ಲೇ ಇದೆ. ತುಂಗಭದ್ರಾ ಜಲಾಶಯದ ಮೂಲ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ ಇತ್ತು. ಹೂಳು ತುಂಬಿ ಈಗ ಸುಮಾರು 105 ಟಿಎಂಸಿ ಅಡಿಗೆ ಇಳಿದಿದೆ. ಯಾವುದೇ ಒಂದು ವರ್ಷದಲ್ಲಿ ಆ ಹೂಳು ಸುದ್ದಿಯಾಗಲಿಲ್ಲ. ಹಳೆಯ ತಂತ್ರಾಂಶದ ಮೇಲೆ ತೇಪೆ ಹಾಕುತ್ತ ಬಂದ ಕಂಪನಿಗಳಲ್ಲೂ ಹೀಗೆಯೇ ಆಗುತ್ತದೆ. ಎಂಜಿನಿಯರುಗಳ ಸಂಖ್ಯೆ ಹೆಚ್ಚಿದರೂ ಹೊಸದನ್ನು ಹೊರತರುವ ಶಕ್ತಿ ವರ್ಷದಿಂದ ವರ್ಷಕ್ಕೆ ತಗ್ಗುತ್ತದೆ, ಅದರ ಕಾರಣ ಯಾವ ಸ್ಲೈಡಿನಲ್ಲೂ ಕಾಣುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಕ್ರಸ್ಟ್ ಗೇಟುಗಳ ಪೈಕಿ 19ನೆಯದರ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋದದ್ದು, ನೀರು ತಡೆಯುವ ತಾತ್ಕಾಲಿಕ ಹಲಗೆಗಳನ್ನು (ಸ್ಟಾಪ್‌ಲಾಗ್) ಇಳಿಸುವವರೆಗೆ ದಿನಗಟ್ಟಲೆ ನೀರು ನದಿಗೆ ಹರಿದದ್ದು ನಿಮಗೆ ನೆನಪಿರಬಹುದು. ಮುಂಗಾರಿನ ಜಲಾಶಯ ತುಂಬಿ ನಿಂತಿದ್ದ ಹೊತ್ತಿನಲ್ಲಿ, ಅಷ್ಟು ವರ್ಷ ಯಾರೂ ಮಾತಾಡದ ಚೈನಿನ ಒಂದು ಕೊಂಡಿ ಎಲ್ಲರ ಲೆಕ್ಕವನ್ನೂ ಬುಡಮೇಲು ಮಾಡಿತು. ಹೊಸ ದಿಕ್ಕಿಗೆ ಹಣ ಹೊಂದಿಸಲು ಹೊರಟವರು ಮೊದಲು ಕತ್ತರಿ ಹಾಕುವುದು ನಿರ್ವಹಣೆ, ಭದ್ರತೆ, ಪರೀಕ್ಷೆಯ ತಂಡಗಳಿಗೇ. ಅವರ ಪರವಾಗಿ ಗಟ್ಟಿಯಾಗಿ ಮಾತಾಡುವ ಉಪಾಧ್ಯಕ್ಷರು ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ, ನಿಮ್ಮ ದಾಖಲೆಯಲ್ಲಿ ಅವರ ಪಾಲನ್ನು ಅಂಕಿಯಲ್ಲಿ ಬರೆದು ಕಾಪಾಡಿ.

ಇನ್ನು ದಾಖಲೆಯ ರೂಪ. ನೂರು ಪುಟಗಳಲ್ಲಿ ತೊಂಬತ್ತು ಅನುಬಂಧಕ್ಕೆ ಹೋಗಲಿ. ಉಳಿದ ಪುಟಗಳಲ್ಲಿ ನಮ್ಮ ಕಾಯಿಲೆ ಇದು ಎಂಬ ಮಾತು ಸೌಜನ್ಯದ ಹೊದಿಕೆಯಿಲ್ಲದೆ ಇರಬೇಕು. ಮುಂದಿನ ಮೂರು ವರ್ಷಗಳಲ್ಲಿ ಯಾವ ವಿಭಾಗದ ಪಾಲು ಎಷ್ಟರಿಂದ ಎಷ್ಟಕ್ಕೆ ಇಳಿಯುತ್ತದೆ, ಯಾವುದರದು ಏರುತ್ತದೆ, ಯಾವ ಕೆಲಸ ಯಾವ ತಿಂಗಳಲ್ಲಿ ನಿಲ್ಲುತ್ತದೆ ಎಂಬುದು ಇರಬೇಕು. ಯಾವ ಸಂಗತಿ ಕಂಡುಬಂದರೆ ನಮ್ಮ ನಿರ್ಧಾರ ತಪ್ಪೆಂದು ಒಪ್ಪಿಕೊಳ್ಳುತ್ತೇವೆ ಎಂಬುದೂ ಇರಬೇಕು. ಪಾಲು ಇಳಿಯುವ ವಿಭಾಗಗಳಲ್ಲಿ ಇರುವವರ ಬಗ್ಗೆ ಒಂದು ಪುಟ ಮೀಸಲಿಡಿ: ಯಾರಿಗೆ ಹೊಸ ಕೆಲಸ ಕಲಿಸುತ್ತೀರಿ, ಯಾರನ್ನು ಬೀಳ್ಕೊಡುತ್ತೀರಿ, ಎಷ್ಟು ಕಾಲಾವಕಾಶ ಕೊಡುತ್ತೀರಿ. ಕಡಿತ ಮಾಡಲೇಬೇಕಾಗಿ ಬಂದರೆ ಒಂದೇ ಸಲ ಮಾಡಿ ಮುಗಿಸುವುದು ಕ್ರೂರವೆನಿಸಿದರೂ, ಪ್ರತಿ ಮೂರು ತಿಂಗಳಿಗೊಮ್ಮೆ ಪಟ್ಟಿ ಹೊರಡಿಸುವುದಕ್ಕಿಂತ ಮೇಲು. ಪಟ್ಟಿಗೆ ಕಾಯುತ್ತ ಕುಳಿತವರಿಂದ ಒಳ್ಳೆಯ ಕೆಲಸ ಹೊರಬಂದದ್ದನ್ನು ನಾನು ಕಂಡಿಲ್ಲ, ಹೋಗಬಲ್ಲ ಸಮರ್ಥರು ಮೊದಲ ಪಟ್ಟಿಗೇ ಹೊರಟುಹೋಗಿರುತ್ತಾರೆ.

ನಿಮ್ಮ ಕರಡಿನಲ್ಲಿ ಕೃತಕ ಬುದ್ಧಿಮತ್ತೆಗೆ ಎಷ್ಟು ಪುಟ ಮೀಸಲಾಗಿದೆಯೋ ತಿಳಿಯದು, ಇಂದಿನ ಎಲ್ಲ ಕರಡುಗಳಲ್ಲೂ ಅದು ಮೊದಲ ಅಧ್ಯಾಯವಾಗಿರುತ್ತದೆ. ಯಾವ ಗ್ರಾಹಕರ ಯಾವ ಕೆಲಸ ಅದರಿಂದ ಅಗ್ಗವಾಗುತ್ತದೆ, ಅವರು ಅದಕ್ಕೆ ನಮಗೇ ಏಕೆ ಹಣ ಕೊಡಬೇಕು, ಹಾಗೂ ನಮ್ಮದೇ ಯಾವ ಹಳೆಯ ಆದಾಯವನ್ನು ಅದು ತಿಂದುಹಾಕುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರವಿದ್ದರೆ ಆ ಅಧ್ಯಾಯ ಇರಲಿ. ಕೊನೆಯ ಪ್ರಶ್ನೆಗೆ ಉತ್ತರ ಬರೆಯಲು ಹಿಂಜರಿಯುವ ತಂಡವೇ ಹೆಚ್ಚು. ಗಂಟೆಗಳ ಲೆಕ್ಕದಲ್ಲಿ ಎಂಜಿನಿಯರುಗಳ ಕೆಲಸವನ್ನು ಮಾರುವ ಕಂಪನಿ ನಿಮ್ಮದಾಗಿದ್ದರೆ ಅದನ್ನು ತಪ್ಪಿಸಿಕೊಳ್ಳುವಂತೆಯೇ ಇಲ್ಲ.

ಮಧ್ಯಮ ಹಂತದವನ ಮಾತಿಗೆ ಬೆಲೆ ಇದೆಯೇ ಎಂದು ಕೇಳಿದ್ದೀರಿ. ಇಂಟೆಲ್ಲಿನ ವೇಫರುಗಳನ್ನು ಮೇಲಿನವರಿಗಿಂತ ಮೊದಲೇ ತಿರುಗಿಸಿದವರು ನಿಮ್ಮ ಹಂತದವರೇ. ಗೇಟ್ ಎತ್ತುವ ಅಧಿಕಾರ ನಿಮ್ಮದಲ್ಲದಿದ್ದರೂ ಗೇಜ್ ಓದುವ ಕೆಲಸ ನಿಮ್ಮ ಕೈಯಲ್ಲೇ ಇದೆ, ಮತ್ತು ಹೊಸದಾಗಿ ಬಂದ ಮುಖ್ಯಸ್ಥರಿಗೆ ಸದ್ಯ ಯಾರೂ ಪ್ರಾಮಾಣಿಕವಾಗಿ ಓದಿ ಹೇಳದ ಸಂಗತಿಯೂ ಅದೇ. ಹಣಕಾಸು ವಿಭಾಗದಲ್ಲಿ ಪರಿಚಯದವರು ಒಬ್ಬರಾದರೂ ಇದ್ದೇ ಇರುತ್ತಾರೆ. ಕಳೆದ ಮೂರು ವರ್ಷಗಳ ಹಂಚಿಕೆಯ ಅಂಕಿಗಳನ್ನು ಅವರಿಂದ ಪಡೆದು, ಯಾವ ಟೀಕೆ ಟಿಪ್ಪಣಿಯೂ ಇಲ್ಲದೆ ಒಂದೇ ಹಾಳೆಯಲ್ಲಿ ಬರೆದು, ಅದರ ಪಕ್ಕದಲ್ಲಿ ಹಿಂದಿನ ಮುಖ್ಯಸ್ಥರು ಅದೇ ಮೂರು ವರ್ಷಗಳಲ್ಲಿ ಆದ್ಯತೆಗಳೆಂದು ಘೋಷಿಸಿದವುಗಳ ಪಟ್ಟಿಯನ್ನು ಇಟ್ಟು, ತಂಡದ ಮುಂದಿನ ಸಭೆಗೆ ತೆಗೆದುಕೊಂಡು ಹೋಗಿ. ಆ ಹಾಳೆಯನ್ನು ನೋಡಿದ ಮೇಲೆ ಯಾವ ವಿಭಾಗದವರು ಮೊದಲು ಮಾತು ಬದಲಿಸಲು ನೋಡುತ್ತಾರೆ ಎಂಬುದನ್ನು ಗುರುತಿಸಿಕೊಂಡು ನನಗೆ ಮತ್ತೆ ಬರೆಯಿರಿ. ಮುಂದಿನ ಮಾತನ್ನು ಅಲ್ಲಿಂದ ಆರಂಭಿಸಬಹುದು.